ಮೂರನೆಯ ವೈರು

ಅಕ್ಕಾ,

ನಿನ್ನ ವಿಳಾಸ ಅಮ್ಮನ ಬಳಿ ಇದೆ. ನನಗೆ ಕೊಡಬೇಡ ಎಂದಿದ್ದೀಯಂತೆ. ಆದರೂ ಇವತ್ತು ಲ್ಯಾಬಿನಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಬಿಸಿನೀರಿನ ತೊಟ್ಟಿಯ ಮೀಟರು ಮೂವತ್ತೊಂಬತ್ತು ಡಿಗ್ರಿ ತೋರಿಸಿದಾಗಲೆಲ್ಲ ನೀನು ರಿಜಿಸ್ಟರಿನಲ್ಲಿ ಮೂವತ್ತೇಳು ಎಂದು ಬರೆಯುತ್ತಿದ್ದೆ. ಶಾಲೆ ಬಿಟ್ಟ ನನ್ನನ್ನು ಅದೇ ಲ್ಯಾಬಿನ ಕೆಲಸಕ್ಕೆ ಸೇರಿಸಿದವಳು ನೀನು. ಕಣ್ಣಾರೆ ಕಂಡದ್ದನ್ನು ಸಾಹೇಬರಿಗೆ ಹೇಳಿ ನಿನ್ನ ಕೆಲಸ ಕಳೆದವಳು ನಾನು. “ಸೆನ್ಸರನ್ನ ಐಸ್ ನೀರಲ್ಲಿ ಅದ್ದಿ ನೋಡೇ, ಆಮೇಲೆ ಬಾಯಿ ಬಿಡು” ಅಂತ ನೀನು ಅಂದಿದ್ದೆ. ಜಾರಿಕೊಳ್ಳುತ್ತಿದ್ದೀಯ ಎಂದುಕೊಂಡೆ.

ಇವತ್ತು ಹೊಸ ಮೇಡಂ ತೊಟ್ಟಿಯ ಶಾಖ ಅಳೆಯುವ ಆ ಸೆನ್ಸರನ್ನು ಐಸ್ ನೀರಿನಲ್ಲಿ ಅದ್ದಿದರು. ಸೊನ್ನೆ ಬರಬೇಕಾದಲ್ಲಿ ಎರಡು ಬಂತು. ನಾನು ಮೊದಲು ಐಸನ್ನು ಅನುಮಾನಿಸಿದೆ, ಆಮೇಲೆ ಮೀಟರನ್ನು, ಕೊನೆಗೆ ಮೇಡಂ ಕೈಯನ್ನೇ.

“ಇನ್ನು ನನ್ನ ಚಪ್ಪಲೀನೂ ಚೆಕ್ ಮಾಡ್ತೀಯಾ?” ಎಂದು ನಕ್ಕು, ಅವರು ವೈರಿನ ಜಾಡು ಹಿಡಿದು ಗೋಡೆಯವರೆಗೂ ಹೋದರು. ಅಲ್ಲಿ ಟೇಪು ಸುತ್ತಿದ ಜೋಡಣೆ. ಸೆನ್ಸರಿನಿಂದ ಮೂರು ವೈರು ಬಂದಿದ್ದವು, ಮುಂದಕ್ಕೆ ಹೋದದ್ದು ಎರಡೇ. ವೈರು ಉದ್ದವಾದಷ್ಟೂ ಮೀಟರು ಹೆಚ್ಚು ತೋರಿಸುತ್ತದಂತೆ. ಆ ಹೆಚ್ಚನ್ನು ಕಳೆಯಲೆಂದೇ ಮೂರನೆಯದು.

“ಒಂದೇ ಬಣ್ಣದ್ದು ಎರಡಿದೆ ಅಂತ ಒಂದನ್ನ ಕತ್ತರಿಸಿದ್ದಾರೆ. ಯಾವ ಪುಣ್ಯಾತ್ಮರಪ್ಪ?”

“ನಾನೇ ಮೇಡಂ. ತೊಟ್ಟೀನ ಈ ಕೋಣೆಗೆ ತಂದಾಗ.”

ಸಾಹೇಬರಿಗೂ ಹೇಳಿ ಬಂದೆ. ರಿಜಿಸ್ಟರಿನಲ್ಲಿ ನಿನ್ನ ಪುಟಗಳ ಮೇಲೆ ತಪ್ಪೆಂದು ಅವರು ಆಗ ಎಳೆದ ಕೆಂಪು ಗೆರೆಗಳನ್ನು ಅಳಿಸುವಂತಿಲ್ಲವಂತೆ. ಒಂದೊಂದರ ಪಕ್ಕದಲ್ಲೂ ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ.

ಈಗ ಒಂದೇ ಅನುಮಾನ ಉಳಿದಿದೆ. ದಿನಾ ಎರಡು ಡಿಗ್ರಿ ಕಳೆದು ಬರೆಯುತ್ತಿದ್ದೆಯಲ್ಲ, ಆ ವೈರು ಜೋಡಿಸಿದ್ದು ಯಾರೆಂದು ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ?