ಇಂಗ್ರಿಡ್‌ಗೆ ಕೊಡದ ಕೆಲಸ

ಶುಕ್ರವಾರ, ಫೆಬ್ರವರಿ 9. ವಿನಿಪೆಗ್.

ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತಿದೆ.

ಕಳೆದ ತಿಂಗಳು ನನಗೊಬ್ಬ ಸಹಾಯಕರನ್ನು ಆರಿಸುವಾಗ, ಸಂದರ್ಶನಕ್ಕೆ ಬಂದ ಇಬ್ಬರಿಗೂ ಒಂದೇ ಮಾತು ಹೇಳಿದ್ದೆ: "ಫೆಬ್ರವರಿ ಒಂಬತ್ತನೇ ತಾರೀಕು ನಾಲ್ಕಕ್ಕೆ ವಕೀಲರ ಮೀಟಿಂಗ್ ಇಡಿ."

ಇಂಗ್ರಿಡ್ ನನ್ನ ಕ್ಯಾಲೆಂಡರ್ ನೋಡಿ, "ಆಗಲ್ಲ. ಅವತ್ತು ಅದೇ ಹೊತ್ತಿಗೆ ನಿಮ್ಮ ಮಗಳ ಹಾಕಿ ಮ್ಯಾಚ್ ಇದೆಯಲ್ಲ. ವಕೀಲರಿಗೆ ಸೋಮವಾರ ಬನ್ನಿ ಅಂತೀನಿ" ಎಂದಳು.

"ಅದನ್ನ ಹೇಳೋಕೆ ನೀವ್ಯಾರ್ರೀ?" ಎಂದು ರೇಗಿ ಕಳಿಸಿಬಿಟ್ಟೆ. "ಆಯ್ತು, ಇಟ್ಟೆ" ಎಂದ ಟ್ರೆವರ್‌ಗೆ ಕೆಲಸ ಕೊಟ್ಟೆ. ‘ನನಗೆ ಇಲ್ಲ ಎನ್ನಬಲ್ಲವರೇ ಬೇಕು’ ಎಂದು ಜಾಹೀರಾತಿನಲ್ಲಿ ಬರೆಸಿದವಳೂ ನಾನೇ, ದರಿದ್ರದವಳು!

ಇವತ್ತು ನಾಲ್ಕಕ್ಕೆ ವಕೀಲರ ಎದುರು ಕೂತಿದ್ದೆ. ಅತ್ತ ಮ್ಯಾಚಿನಲ್ಲಿ ಮಗಳು ಬ್ರಿಯೊನಿ ತನ್ನ ಮೊದಲ ಗೋಲು ಹೊಡೆದಳಂತೆ. ಮನೆಗೆ ಬಂದರೆ ಮೇಜಿನ ಮೇಲೆ ಹೂಗುಚ್ಛ, ನಾನು ಬರೆಯದ ಚೀಟಿ: ‘ಹೆಮ್ಮೆಯಾಗ್ತಿದೆ ಕಂದಾ. ಅಮ್ಮ.’

ಬ್ರಿಯೊನಿ ತಲೆಯೆತ್ತದೆ ಹೇಳಿದಳು: "ಟ್ರೆವರ್‌ಗೆ ಥ್ಯಾಂಕ್ಸ್ ಹೇಳಮ್ಮಾ."