ಬಾಯಿಬಿಟ್ಟ ಪಾಸ್‌ಪೋರ್ಟ್

ಕಾರವಾರ, ಫೆಬ್ರವರಿ 30, 2168

ಬಿಲ್ಲೆಯಿರುವ ಪಾಸ್‌ಪೋರ್ಟಿಗಾಗಿ ಮೊದಲ ಸಲ ಸಾಲಿನಲ್ಲಿ ನಿಂತಿರುವ ಹಿಂದಿನ ಕಾಲದ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಯಲ್ಲಿ ಉಳಿಯುವ ದಿನಗಳು ಯಾವ ತಿಂಗಳಿಗೂ ಸೇರಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನೀವು ಚಿಪ್ ಎನ್ನುವುದನ್ನು ನಾವು ಬಿಲ್ಲೆ ಎನ್ನುತ್ತೇವೆ. ನಾನು ಸುಲಕ್ಷಣಾ ತಾಂಡೇಲ್, ಇಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಆದಷ್ಟು ಬಿಡಿಸಿ ಹೇಳುತ್ತೇನೆ.

ಈಗ ಪಾಸ್‌ಪೋರ್ಟು ಬೀರುವಿನಲ್ಲಿ ಇಡುವ ವಸ್ತುವಲ್ಲ. ಮಾಜಾಳಿಯ ಗಡಿ ದಾಟಿ ಗೋವಾದಲ್ಲಿ ಮೀನು ಮಾರುವ ಹೆಂಗಸರೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಹಳೆಯ ರಸ್ತೆ ಸಮುದ್ರದ ಪಾಲಾದ ಮೇಲೆ ನಾವು ದೋಣಿಬಸ್ಸಿನಲ್ಲಿ ಓಡಾಡುತ್ತೇವೆ. ಅದನ್ನು ಹತ್ತುವಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಚಹಾದಂಗಡಿಯ ಮುಂದೆ ಆಳೆತ್ತರದ ಬೂದು ಕಂಬಗಳಿವೆ. ಕೇಳುಗಂಬ ಎನ್ನುತ್ತೇವೆ. ಜನರ ತಲೆ ಎಣಿಸುವುದಷ್ಟೇ ಅವುಗಳ ಕೆಲಸ ಎಂದು ನಾವೆಲ್ಲ ನಂಬಿದ್ದೆವು.

ನನ್ನ ಮಗಳು ಊರ್ಮಿಳಾಳ ಗಂಡ ಶ್ರೀನಂದ ಅವಳ ಭುಜದ ಮೂಳೆ ಮುರಿದ. ಅವನ ಕೈಗೆ ಮತ್ತೆ ಸಿಗದಿರಲೆಂದು ನ್ಯಾಯಾಲಯ ಅವಳಿಗೆ ಹೊಸ ಹೆಸರು ಕೊಟ್ಟು, ಹೊಸ ಪಾಸ್‌ಪೋರ್ಟು ಮಾಡಿಸಿಕೊಳ್ಳಲು ಹೇಳಿತು. ಅದನ್ನು ಮಾಡಿಕೊಟ್ಟವನು ಪಾಸ್‌ಪೋರ್ಟ್ ಕಚೇರಿಯ ಅಧಿಕಾರಿ, ನನ್ನ ಹಳೆಯ ವಿದ್ಯಾರ್ಥಿ ಕಮಲಾಕ್ಷ ಹರಿಕಾಂತ. ಕುರ್ಚಿ ಎಳೆದು ನನ್ನನ್ನು ಕೂರಿಸಿದ, ಚಹಾ ತರಿಸಿದ. ಹಳೆಯ ಹೆಸರಿನೊಂದಿಗೆ ಇದನ್ನು ಯಾರಾದರೂ ಜೋಡಿಸಿದರೆ ಏನು ಗತಿ ಎಂದು ಊರ್ಮಿಳಾ ಕೇಳಿದಾಗ ಅವನು ನನ್ನ ಕಡೆ ತಿರುಗಿ, "ಗಡಿ ಅಧಿಕಾರಿ ಬಿಟ್ರೆ ಇದನ್ನ ಬೇರೆ ಯಾರೂ ಓದೂಕೆ ಆಗೂದಿಲ್ಲ, ಅಕ್ಕೋರೆ. ನನ್ನ ಮಾತು ನಂಬಿ" ಎಂದ. ನಂಬಿದೆವು.

ಊರ್ಮಿಳಾ ಒಮಾನಿನ ಸಲಾಲಾಕ್ಕೆ ಹೋಗಿ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯ ಒಲೆಯ ಬಿಸಿಗೆ ಕೈಯ ರೋಮವೆಲ್ಲ ಸುಟ್ಟುಹೋಗಿದೆ ಎಂದು ಫೋನಿನಲ್ಲಿ ನಗುತ್ತಿದ್ದಳು. ಅವಳ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ರೊಟ್ಟಿಗೆ ನಿಂತ ಗಿರಾಕಿಗಳ ಸಾಲಿನಲ್ಲಿ ಶ್ರೀನಂದ ಇದ್ದ. ತನ್ನ ಸರದಿ ಬರುವವರೆಗೂ ಸಮಾಧಾನದಿಂದ ಕಾದ. ಆಮೇಲೆ ತಗ್ಗಿದ ದನಿಯಲ್ಲಿ, "ನೀ ಎಲ್ಲಿದ್ದೀ ಅಂತ ನಿನ್ನ ಪಾಸ್‌ಪೋರ್ಟೇ ಹೇಳ್ತು" ಎಂದ.

ಅವಳು ಇಕ್ಕಳ ಕೆಳಗಿಟ್ಟಳು. ಒಳಗೆ ಹೋಗಿ ಪಾಸ್‌ಪೋರ್ಟನ್ನು ಉರಿಯುವ ಒಲೆಗೆ ಹಾಕಿ ಹಿಂಬಾಗಿಲಿನಿಂದ ಹೊರಬಿದ್ದಳು. ಬೇಕರಿಯ ಯಜಮಾನಿ ತನ್ನ ತಂಗಿಯ ಮನೆಯಲ್ಲಿ ಅವಳನ್ನು ಅಡಗಿಸಿ, ಮೀನಿನ ದೋಣಿಯೊಂದಕ್ಕೆ ಹೇಳಿ ಇಟ್ಟಳು. ಅಲ್ಲಿಂದಲೇ ಊರ್ಮಿಳಾ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ದೋಣಿ ಎತ್ತ ಹೋಗುತ್ತದೆ ಎಂದು ಕೇಳಿದೆ. "ನೀ ಕೇಳ್ಬೇಡ ಆಯಿ. ನಿಂಗೆ ಗೊತ್ತಿದ್ರೆ ಅವನು ನಿನ್ನ ಬಾಯಿ ಬಿಡಿಸ್ತಾನೆ" ಎಂದಳು.

ನಾನು ಕಮಲಾಕ್ಷನ ಕಚೇರಿಗೆ ಹೋದೆ. ಈ ಸಲ ಅವನು ನನ್ನ ಮುಖ ನೋಡಲಿಲ್ಲ. ಹೆಸರು, ನಂಬರು ಹೊಸದಾದರೂ ಬಿಲ್ಲೆಯೊಳಗಿನ ಮುಖ, ಬೆರಳಚ್ಚು ಅವಳವೇ ತಾನೇ ಎಂದ. ಸಲಾಲಾದಲ್ಲೂ ಇರುವ ಕೇಳುಗಂಬಗಳು ಚೀಲದೊಳಗಿನ ಬಿಲ್ಲೆಯನ್ನೂ ಓದುತ್ತವಂತೆ. ಕಂಬದ ಕಂಪನಿಗಳು ಓದಿದ್ದನ್ನೆಲ್ಲ ಕೂಡಿಟ್ಟು, ಕೇಳಿದವರಿಗೆ ಮಾರುತ್ತವಂತೆ. ಶ್ರೀನಂದ ಮದುವೆಯ ಫೋಟೋ ಒಂದನ್ನು ಕೊಟ್ಟಿರಬೇಕು, ಮುಖ ಹೊಂದಿಸಲು ಅಷ್ಟೇ ಸಾಕಂತೆ. ಇದರಲ್ಲಿ ಕಚೇರಿಯ ತಪ್ಪಿಲ್ಲ, ಓದಬಾರದೆಂಬ ಕಾನೂನೇ ಇಲ್ಲ ಎಂದೂ ಸೇರಿಸಿದ.

ಅಷ್ಟರಲ್ಲಿ ಊಟದ ಹೊತ್ತಾಯಿತು. ಹೊರಡಲು ಎದ್ದವನು ಮೇಜಿನ ಖಾನೆಯಿಂದ ತನ್ನ ಪಾಸ್‌ಪೋರ್ಟು ತೆಗೆದು ತಾಮ್ರದ ಬಲೆ ನೇಯ್ದ ಪುಟ್ಟ ಚೀಲದೊಳಗೆ ಇಟ್ಟು, ಬಾಯಿ ಬಿಗಿದು, ಜೇಬಿಗೆ ಹಾಕಿಕೊಂಡ. ಆ ಚೀಲ ಯಾಕೆ ಎಂದು ಕೇಳಿದೆ.

"ಇದ್ರೊಳಗಿದ್ರೆ ಕಂಬಕ್ಕೆ ಕಾಣೂದಿಲ್ಲ. ಇಲ್ಲಿ ಕೆಲಸ ಮಾಡೋರೆಲ್ಲ ಇಟ್ಕೊಂಡಿದ್ದೇವೆ" ಎಂದ.

"ಅವಳಿಗೆ ಯಾಕೆ ಹೇಳ್ಲಿಲ್ಲ ನೀನು?"

ಹಾಗೆ ಹೇಳುತ್ತ ಹೋದರೆ ಜನ ಪಾಸ್‌ಪೋರ್ಟನ್ನೇ ನಂಬುವುದಿಲ್ಲ, ಯಾರಿಗೂ ಹೇಳಬಾರದೆಂದು ಮೇಲಿನವರ ಆದೇಶವಿದೆ ಎಂದ. ಒಂದನೇ ತರಗತಿಯಲ್ಲಿ ಅವನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಅಂದು ನನ್ನ ಮಗಳು ಅವನೆದುರು ಕೂತಿದ್ದಾಗಲೂ ಆ ಚೀಲ ಅವನ ಬಳಿ ಇತ್ತು. ಶ್ರೀನಂದ ಎಂಥವನೆಂದು ನನಗೆ ಮೊದಲೇ ಗೊತ್ತಿತ್ತು. ಕಮಲಾಕ್ಷ ಎಂಥವನೆಂದು ಗೊತ್ತಿರಲಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ಇದಿನ್ನೂ ಹೊಸದು, ಕೇಳಲು ಹೊತ್ತು ಮೀರಿಲ್ಲ. ನಿಮ್ಮೆದುರು ಕೂತಿರುವ ಅಧಿಕಾರಿ ಒಳ್ಳೆಯವನೇ ಇರಬಹುದು. ಆದರೂ ಇದನ್ನು ಯಾರು ಓದಬಹುದು, ಎಷ್ಟು ದೂರದಿಂದ ಓದಬಹುದು, ಓದಿದ್ದನ್ನು ಎಲ್ಲಿ ಇಡುತ್ತಾರೆ ಎಂದು ಕೇಳಿ. ಅವನು ತನ್ನದನ್ನು ಹೇಗೆ ಇಟ್ಟುಕೊಂಡಿದ್ದಾನೆ, ತೋರಿಸಲು ಹೇಳಿ. ಉತ್ತರ ಸಿಗುವವರೆಗೆ ಸಾಲು ಬಿಟ್ಟು ಕದಲಬೇಡಿ.

ಊರ್ಮಿಳಾ ಮತ್ತೆ ಫೋನ್ ಮಾಡಿಲ್ಲ. ಪಾಸ್‌ಪೋರ್ಟಿಲ್ಲದೆ ಅವಳು ಕಾರವಾರಕ್ಕೆ ಬರುವಂತಿಲ್ಲ. ಶ್ರೀನಂದ ಎರಡು ಸಲ ಮನೆಗೆ ಬಂದು ಅವಳೆಲ್ಲಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ನನ್ನ ಕಣ್ಣನ್ನೇ ದಿಟ್ಟಿಸಿ ನೋಡಿ, ನಿಜವೆಂದು ತಿಳಿದು, ಹೊರಟುಹೋದ. ಮಗಳಿಗಾಗಿ ನಾನು ಈಗ ಮಾಡಬಹುದಾದದ್ದು ಗೊತ್ತಿಲ್ಲದೆ ಇರುವುದೊಂದೇ.

ನಿಮ್ಮ,
ಸುಲಕ್ಷಣಾ