ಅವ್ವ ಹೇಳದ ಮಾತು

ಶಿವರಂಜನಿ,

ಬಲಗೈ ಸುಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಷ್ಟಪಟ್ಟು ಓದು.

ಮೆಟೀರಿಯಲ್ಸ್ ಲ್ಯಾಬಿನ ಫರ್ನೇಸ್ ಬಾಗಿಲು ಸಡಿಲಾಗಿದೆ ಅಂತ ನಾವಿಬ್ಬರೂ ಸೇರಿಯೇ ಲ್ಯಾಬ್ ನೋಡಿಕೊಳ್ಳುವ ಸರ್‌ಗೆ ಹೇಳಿದ್ದೆವು. "ಅಡ್ಜಸ್ಟ್ ಪಣ್ಣುಂಗಮ್ಮಾ", ಹೇಗೋ ಹೊಂದಿಸಿಕೊಳ್ಳಿ ಅಂದರು. ಅದೇ ಬಾಗಿಲು ಕಳಚಿ ನನ್ನ ಕೈಮೇಲೆ ಬಿತ್ತು.

ನಾನು ಇಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮದ್ದೂರಿನಿಂದ ಓಡಿಬಂದ ಅವ್ವನನ್ನು ವಿಶ್ವವಿದ್ಯಾಲಯದ ಕಮಿಟಿ ವಿಚಾರಣೆಗೆ ಕೂರಿಸಿತು. ಅವಳಿಗೆ ತಮಿಳು ಬಾರದು. ಇಲ್ಲೇ ಪೆರಂಬೂರಿನ ಕನ್ನಡದ ಮನೆಯಲ್ಲಿ ಹುಟ್ಟಿ ಬೆಳೆದ ನೀನು ಅವಳ ಮಾತನ್ನು ತಮಿಳಿನಲ್ಲಿ ಹೇಳಲು ಕೂತೆ. "ಬಾಗಿಲು ಕೆಟ್ಟಿತ್ತು, ಮಗಳು ಮೊದಲೇ ಹೇಳಿದ್ದಳು" ಅಂದಳಂತೆ ಅವ್ವ. ಆದರೆ ನನ್ನನ್ನು ಕೋರ್ಸಿನಿಂದ ತೆಗೆದ ದಿನ ಸರ್ ಫೋನಿನಲ್ಲಿ ಅಂದರು: "ತಪ್ಪು ಮಗಳದೇ ಅಂತ ನಿಮ್ಮಮ್ಮನೇ ಒಪ್ಪಿಕೊಂಡರಲ್ಲಮ್ಮಾ!"

ಸರ್ಕಾರಿ ವಿಶ್ವವಿದ್ಯಾಲಯ ನಮ್ಮಂಥವರದು ಅಂತ ಪ್ರತಿಭಟನೆಯಲ್ಲಿ ಗೇಟಿನ ಮುಂದೆ ನನ್ನ ಪಕ್ಕ ನಿಂತು ಕೂಗಿದವಳು ನೀನು. ಸರ್ ಕೈಕೆಳಗೆ ಪಿಎಚ್‌ಡಿ ಸೀಟು ಸಿಕ್ಕಿತಂತಲ್ಲ, ಅದಕ್ಕೆ ನನ್ನವ್ವನ ನಾಲಿಗೆಯೇ ಬೇಕಾಯಿತಾ?

ಅವ್ವ ವಾರ್ಡಿನಲ್ಲೆಲ್ಲ ನಿನ್ನನ್ನೇ ಹೊಗಳುತ್ತಾಳೆ: "ನಮ್ಮ ಭಾಷೆ ಹುಡುಗಿ, ನಮ್ಮ ಕಡೆ ನಿಂತ್ಕೊಂಡ್ಳು." ನಾನಿನ್ನೂ ಅವಳಿಗೆ ಹೇಳಿಲ್ಲ.

ನನ್ನನ್ನು ನೋಡಲು ಹಣ್ಣು ಹಿಡಿದು ಬರಬೇಡ. ಬುಧವಾರ ನನ್ನ ಮೇಲ್ಮನವಿ ಇದೆ, ಅಲ್ಲಿಗೆ ಬಾ. ಅವತ್ತು ಏನು ಮಾಡಿದೆ ಅನ್ನೋದನ್ನು ಅವ್ವನ ಮುಖ ನೋಡಿಕೊಂಡು ಕನ್ನಡದಲ್ಲಿ ಹೇಳು. ಕಮಿಟಿಗೆ ತಮಿಳಿನಲ್ಲಿ ನಾನು ಹೇಳುತ್ತೇನೆ. ಒಂದು ಮಾತೂ ಬದಲಿಸುವುದಿಲ್ಲ.

ನಂದಿತಾ